ಸಿಸಿ ಕ್ಯಾಮೆರಾ: ಕಾವಲೋ, ಸಾಕ್ಷಿಯೋ?

ಸಾರ್ವಜನಿಕ ಸ್ಥಳದಲ್ಲಿ ಸಿಸಿ ಕ್ಯಾಮೆರಾ ಹಾಕಿದರೆ ಅಪರಾಧ ತಗ್ಗುತ್ತದೆಯೇ ಎಂಬ ಚರ್ಚೆ ಮೊದಲು ಬಿರುಸಾದದ್ದು ಬ್ರಿಟನ್ನಿನಲ್ಲಿ. ಬೋರ್ನ್‌ಮೌತ್ ಪಟ್ಟಣದ ಬೀದಿಗೆ 1985ರಲ್ಲಿ ಕ್ಯಾಮೆರಾ ಬಂತು. 1993ರಲ್ಲಿ ಲಿವರ್‌ಪೂಲ್ ಬಳಿಯ ಬೂಟಲ್‌ನ ಮಳಿಗೆ ಸಂಕೀರ್ಣದಿಂದ ಇಬ್ಬರು ಹುಡುಗರು ಎರಡು ವರ್ಷದ ಮಗುವನ್ನು ಕೈಹಿಡಿದು ಕರೆದೊಯ್ದದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಮಗು ಕೊಲೆಯಾಯಿತು. ಟಿವಿಯಲ್ಲಿ ಆ ದೃಶ್ಯ ಕಂಡ ಜನ ಊರೂರಿಗೂ ಕ್ಯಾಮೆರಾ ಬೇಕೆಂದರು, ಸರ್ಕಾರ ಹಣ ಕೊಟ್ಟಿತು. ಕ್ಯಾಮೆರಾ ಆ ಮಗುವನ್ನು ಉಳಿಸಿರಲಿಲ್ಲ ಎಂಬುದು ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಲೆಕ್ಕ ಹಾಕುವ ಕೆಲಸ ಆಮೇಲೆ ನಡೆಯಿತು. ಅಪರಾಧಶಾಸ್ತ್ರಜ್ಞರಾದ ಪಿಜಾ, ವೆಲ್ಶ್, ಫ್ಯಾರಿಂಗ್‌ಟನ್ ಮತ್ತು ಥಾಮಸ್ ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಕ್ಯಾಮೆರಾ ಇದ್ದಲ್ಲಿ ಅಪರಾಧ ಸರಾಸರಿ ಶೇ 13ರಷ್ಟು ಇಳಿದಿದೆ. ಹೆಚ್ಚು ಫಲ ಕಂಡದ್ದು ವಾಹನ ನಿಲುಗಡೆ ಜಾಗಗಳಲ್ಲಿ. ಹಲ್ಲೆಯಂಥ ಹಿಂಸಾಕೃತ್ಯಗಳ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ. ಸಿಬ್ಬಂದಿ ಪರದೆ ನೋಡುತ್ತ, ಕಂಡದ್ದಕ್ಕೆ ಕೂಡಲೇ ಸ್ಪಂದಿಸುವ ಕಡೆ ಫಲಿತಾಂಶ ಉತ್ತಮವಾಗಿತ್ತು.

ಕರ್ನಾಟಕದಲ್ಲಿ ಈ ಚರ್ಚೆಗೆ ತಿರುವು ಕೊಟ್ಟದ್ದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಹಲ್ಲೆ. 2013ರ ನವೆಂಬರ್‌ನಲ್ಲಿ ಹಣ ತೆಗೆಯಲು ಬಂದ ಮಹಿಳೆಯ ಹಿಂದೆ ಒಳನುಗ್ಗಿದವನು ಷಟರ್ ಎಳೆದು, ಮಚ್ಚಿನಿಂದ ಹೊಡೆದು ಹೋದ. ಅವನ ಮುಖ ದೇಶವೆಲ್ಲ ನೋಡಿತು. ಆದರೂ ಅವನು ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನ ದೃಶ್ಯ ಕಾಯ್ದಿಡಬೇಕೆಂಬ ಸಾರ್ವಜನಿಕ ಸುರಕ್ಷತಾ ಕಾಯ್ದೆ ರಾಜ್ಯದಲ್ಲಿ ಬಂದದ್ದೂ 2017ರಲ್ಲೇ. ಬಳಿಕ ನಿರ್ಭಯಾ ನಿಧಿಯ ನೆರವಿನ ಸೇಫ್ ಸಿಟಿ ಯೋಜನೆಯಡಿ ರಾಜಧಾನಿಗೆ ಸಾವಿರಾರು ಕ್ಯಾಮೆರಾಗಳು ಬಂದವು. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಶಂಕಿತನ ಜಾಡು ಹಿಡಿಯಲು ಕ್ಯಾಮೆರಾ ದೃಶ್ಯಗಳು ನೆರವಾದವು. ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಬಂಧನಗಳಾದವು. ಸ್ಫೋಟ ಮಾತ್ರ ತಪ್ಪಿರಲಿಲ್ಲ.

ಸಣ್ಣ ಊರುಗಳ ಮಟ್ಟಿಗೆ ಅತಿ ಮುಖ್ಯ ಪಾಠ ಸಿಗುವುದು ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ. ಮೆಕ್ಕೆಜೋಳ, ಅಡಿಕೆ ಬೆಳೆಯುವ ಈ ಸೀಮೆಯಲ್ಲಿ ಒಡವೆ ಅಡವಿಟ್ಟು ಬೀಜ, ಗೊಬ್ಬರಕ್ಕೆ, ಮಗಳ ಮದುವೆಗೆ ಹಣ ಹೊಂದಿಸುವುದು ರೂಢಿ. 2024ರ ಅಕ್ಟೋಬರ್ ಕೊನೆಯ ವಾರ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿಯ ಮೂಲಕ ನುಗ್ಗಿದ ಕಳ್ಳರು ಲಾಕರನ್ನು ಗ್ಯಾಸ್ ಕಟರ್‌ನಿಂದ ಕೊರೆದು, ಸುಮಾರು 13 ಕೋಟಿ ರೂಪಾಯಿ ಮೌಲ್ಯದ 17.7 ಕೆ.ಜಿ. ಚಿನ್ನ ದೋಚಿದರು. ಶ್ವಾನದಳಕ್ಕೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿದರು. ಹೋಗುವಾಗ ಕ್ಯಾಮೆರಾ ದೃಶ್ಯಗಳಿದ್ದ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದರು. ಕ್ಯಾಮೆರಾ ಕಂಡದ್ದೆಲ್ಲ ಆ ಪೆಟ್ಟಿಗೆಯಲ್ಲೇ ಉಳಿಯುವುದರಿಂದ, ಬೇರೆಡೆ ಪ್ರತಿ ಇಲ್ಲದಿದ್ದರೆ ಪೆಟ್ಟಿಗೆಯೊಂದಿಗೆ ಸಾಕ್ಷ್ಯವೂ ಹೋಗುತ್ತದೆ.

ಪ್ರಕರಣ ಬಯಲಾಗಲು ಐದು ತಿಂಗಳು ಹಿಡಿಯಿತು. 2025ರ ಮಾರ್ಚ್ ಅಂತ್ಯದಲ್ಲಿ ಪೊಲೀಸರು ಆರು ಮಂದಿಯ ಬಂಧನ ಪ್ರಕಟಿಸಿದರು. ಚಿನ್ನದ ಬಹುಪಾಲು ತಮಿಳುನಾಡಿನ ಮಧುರೆ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿತು. ಪೊಲೀಸರ ಪ್ರಕಾರ ಪ್ರಮುಖ ಆರೋಪಿ ನ್ಯಾಮತಿಯಲ್ಲೇ ವ್ಯಾಪಾರ ಮಾಡಿಕೊಂಡಿದ್ದವನು. ದಿನಾ ಅದೇ ಬೀದಿಯಲ್ಲಿ ಓಡಾಡುವ ಪರಿಚಿತ ಮುಖವನ್ನು ಯಾವ ಕ್ಯಾಮೆರಾ ತಾನೇ ಅನುಮಾನಿಸೀತು? ಗುಟ್ಟು ರಟ್ಟಾದದ್ದು ತಿಂಗಳುಗಟ್ಟಲೆ ತಾಳ್ಮೆಯಿಂದ ನಡೆದ ಪೊಲೀಸ್ ತನಿಖೆಯಿಂದ.

ಚರ್ಚೆಯ ಇನ್ನೊಂದು ಎಳೆ ಖಾಸಗಿತನದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಹಕ್ಕಿಗೆ ಕಡಿವಾಣ ಹಾಕಬೇಕಾದರೆ ಕಾನೂನಿನ ಬಲ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಮಿತಿ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸರ್ಕಾರಕ್ಕೆ ಕೊಟ್ಟಿರುವ ವಿನಾಯಿತಿಗಳು ಈ ಮಾನದಂಡಕ್ಕೆ ತೀರಾ ಸಡಿಲವಾದವು. ಹೆಣ್ಣುಮಕ್ಕಳ ರಕ್ಷಣೆಗೆಂದು ಹಾಕಿದ ಕ್ಯಾಮೆರಾ ಅವರ ಓಡಾಟದ ಮೇಲೇ ಕಣ್ಣಿಡುವ ಸಾಧನವಾಗಬಾರದು. ಕಣ್ಗಾವಲು ಅಧಿಕಾರದ ಮೇಲೂ ಇರಬೇಕೆಂಬುದಕ್ಕೆ 2020ರ ಡಿಸೆಂಬರ್‌ನ ತೀರ್ಪು ಸಾಕ್ಷಿ: ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಕಡ್ಡಾಯ ಮಾಡಿತು.

ಕ್ಯಾಮೆರಾ ಬೇಡ ಎನ್ನಲು ಈ ಇತಿಹಾಸದಲ್ಲಿ ಆಧಾರವಿಲ್ಲ; ಅದೊಂದೇ ಸಾಕು ಎನ್ನಲೂ ಇಲ್ಲ. ಬಸ್ ನಿಲ್ದಾಣಕ್ಕೋ ಸಂತೆ ಮೈದಾನಕ್ಕೋ ಹೊಸ ಕ್ಯಾಮೆರಾ ಮಂಜೂರು ಮಾಡುವ ಮುನ್ನ ಪಟ್ಟಣ ಪಂಚಾಯಿತಿಗಳು ಹಳೆಯವು ಕೆಲಸ ಮಾಡುತ್ತಿವೆಯೇ, ದೃಶ್ಯದ ಇನ್ನೊಂದು ಪ್ರತಿ ಎಲ್ಲಿದೆ, ಅದನ್ನು ನೋಡುವ ಅಧಿಕಾರ ಯಾರಿಗಿದೆ ಎಂಬುದನ್ನು ಬರಹದಲ್ಲಿ ಜನರ ಮುಂದಿಡಬೇಕು.