ಕೋಠಾರದ ಕುಂಡ, ಮೈಸೂರಿನ ಮಳೆ

ಕೌಟಿಲ್ಯನ ಅರ್ಥಶಾಸ್ತ್ರ ಎಂದೊಡನೆ ಗೂಢಚಾರರು, ವಿಷಪ್ರಯೋಗ, ಕೋಟೆ ಕೊತ್ತಲ ನೆನಪಾಗುತ್ತವೆ. ನಾನು ಅದರಲ್ಲಿ ಮಣ್ಣನ್ನೂ ಮಳೆಯನ್ನೂ ಹುಡುಕಲು ಕೂತೆ. ಹಾಗೆ ಹುಡುಕುವುದಕ್ಕೆ ಮೈಸೂರೇ ತಕ್ಕ ಊರು. ಬೇರೆಯವರ ಮಾತಿನಲ್ಲಷ್ಟೇ ಉಳಿದಿದ್ದ ಆ ಗ್ರಂಥ 1905ರಲ್ಲಿ ಬೆಳಕಿಗೆ ಬಂದದ್ದು ಇಲ್ಲಿಯ ಪ್ರಾಚ್ಯ ಗ್ರಂಥಾಲಯದಲ್ಲಿ, ಗ್ರಂಥ ಲಿಪಿಯ ತಾಳೆಗರಿಗಳ ಮೇಲೆ. ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. 1891ರಲ್ಲಿ ಹುಟ್ಟಿದ ಆ ಗ್ರಂಥಾಲಯವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ.

ನನಗೆ ಬೇಕಿದ್ದದ್ದು ಎರಡನೆಯ ಅಧಿಕರಣದಲ್ಲಿ ಸಿಕ್ಕಿತು. ಕೋಠಾರದಲ್ಲಿ ಒಂದು ಅರತ್ನಿ, ಅಂದರೆ ಮೊಳದಗಲ ಬಾಯಿಯ ಕುಂಡವನ್ನಿಟ್ಟು ಮಳೆ ಅಳೆಯಬೇಕಂತೆ. ಮಳೆಯ ಅಳತೆ ಕಾಳಿನ ಮನೆಯಲ್ಲಿ! ಅರಸನ ಬೊಕ್ಕಸ ತುಂಬುವುದು ಆ ಕುಂಡದಿಂದಲೇ ಎಂದು ಬರೆದವನಿಗೆ ಗೊತ್ತಿತ್ತು. ಮುಂದೆ ಸೀತಾಧ್ಯಕ್ಷನ, ಅಂದರೆ ಬೇಸಾಯದ ಮೇಲ್ವಿಚಾರಕನ ಅಧ್ಯಾಯದಲ್ಲಿ ದ್ರೋಣವೆಂಬ ಅಳತೆಯಲ್ಲಿ ಮಳೆಯ ಲೆಕ್ಕವೇ ಇದೆ: ಒಣನಾಡಿಗೆ 16 ದ್ರೋಣ, ಜೌಗುನಾಡಿಗೆ ಅದರ ಒಂದೂವರೆಪಟ್ಟು, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23. ಪಡುವಣ ಕಡಲ ಕಡೆಯ ಅಪರಾಂತಕ್ಕೆ ಅಳತೆಯೇ ಇಲ್ಲ. ನೆಲಕ್ಕೂ ಹಾಗೆಯೇ ಕೆಲಸ ಹಂಚಿದೆ: ನೊರೆ ಬಡಿಯುವ ಹೊಳೆದಂಡೆ ಬಳ್ಳಿಕಾಯಿಗೆ, ಬಾವಿಯ ಅಂಚು ಸೊಪ್ಪು ಗೆಡ್ಡೆಗೆ.

ಇಲ್ಲಿಯವರೆಗೆ ಖುಷಿಯಿಂದ ಓದಿದವನು ಮುಂದಿನ ಸಾಲಿನಲ್ಲಿ ನಿಂತೆ. ಮಳೆಗಾಲದ ಮೊದಲ ಮತ್ತು ಕೊನೆಯ ತಿಂಗಳು ಸೇರಿ ಮೂರರಲ್ಲಿ ಒಂದು ಪಾಲು, ನಡುವಣ ಎರಡು ತಿಂಗಳಲ್ಲಿ ಎರಡು ಪಾಲು ಸುರಿದರೆ ಅದು ಒಳ್ಳೆಯ ಮಳೆ. ಮೈಸೂರಿನ ಮಳೆ ದಾಖಲೆ ಪಕ್ಕದಲ್ಲಿಟ್ಟುಕೊಂಡೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಜೋರು ಮಾತ್ರ ಎರಡು ಸಲ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ. ಜೂನ್, ಜುಲೈ ಬರೀ ಗಾಳಿ, ಮೋಡ, ಹನಿ. ಶಾಸ್ತ್ರದ ಮಳೆ ನಡುವೆ ಉಬ್ಬಿದರೆ ನಮ್ಮದು ನಡುವೆ ಬಡವಾಗುತ್ತದೆ. ಬಿತ್ತನೆಯ ಪಟ್ಟಿಯನ್ನೂ ನೋಡಿದೆ. ಭತ್ತ, ಹಾರಕ, ಎಳ್ಳು, ಉದ್ದು, ಹೆಸರು ಎಲ್ಲ ಇವೆ. ರಾಗಿಯ ಹೆಸರಿಲ್ಲ.

ಮೈಸೂರಿನಲ್ಲಿ ಸಿಕ್ಕ ಪುಸ್ತಕ ಮೈಸೂರಿನ ಹೊಲದ್ದಲ್ಲ. ಹಾಗಾದರೆ ಇಲ್ಲಿಯ ಶಾಸ್ತ್ರ ಎಲ್ಲಿತ್ತು? ರೈತರ ಬಾಯಲ್ಲಿತ್ತು ಎಂಬುದಕ್ಕೆ ನನಗೆ ಸಿಕ್ಕ ಸಾಕ್ಷಿ ಒಬ್ಬ ಪರದೇಶಿಯದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಊರೂರು ತಿರುಗಿ ಬೇಸಾಯಗಾರರನ್ನು ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸಕಥನದಲ್ಲಿ, ಶ್ರೀರಂಗಪಟ್ಟಣದ ಸುತ್ತಿನ ಪುಟಗಳಲ್ಲಿ, ಎರೆ, ಕೆಬ್ಬೆ, ಮರಳು ಎಂಬ ನಮ್ಮ ಮಾತುಗಳೇ ಇಂಗ್ಲಿಷ್ ಅಕ್ಷರದಲ್ಲಿ ಕೂತಿವೆ. ಎರೆ ಎಂದರೆ ಕಪ್ಪು ಮಣ್ಣು, ಕೆಬ್ಬೆ ಎಂದರೆ ಕೆಂಪು ಮಣ್ಣು. ರಾಗಿಯ ಸಂಗತಿಯಂತೂ ಪುಟಗಟ್ಟಲೆ ಇದೆ.

ಮಳೆಯ ಲೆಕ್ಕ ನಕ್ಷತ್ರದ ಹೆಸರಿನಲ್ಲಿ ಇನ್ನೂ ಬದುಕಿದೆ. ಭರಣಿ, ಕೃತ್ತಿಕೆ ಬರುವುದು ಮೇ ತಿಂಗಳ ಜೋರಿಗೆ. ಉತ್ತರೆ, ಹಸ್ತ, ಚಿತ್ತೆ ಸೆಪ್ಟೆಂಬರ್-ಅಕ್ಟೋಬರಿನ ಜೋರಿಗೆ. ಮೈಸೂರಿನ ಆ ಎರಡು ಉಬ್ಬನ್ನು ತಾಳೆಗರಿ ಹೇಳಲಿಲ್ಲ, ಈ ಹೆಸರುಗಳು ಹೇಳುತ್ತವೆ.

ಅರ್ಥಶಾಸ್ತ್ರವನ್ನು ಒಬ್ಬ ಪಂಡಿತರು ಕಾಪಾಡಿಕೊಟ್ಟರು. ಹೊಲದ ಮಾತಿಗೆ ಅಂಥ ತಾಳೆಗರಿಯೂ ಇಲ್ಲ. ನಿಮ್ಮ ಮನೆಯ ಹಳೆಯ ಕ್ರಯಪತ್ರಗಳಲ್ಲಿ ಎರೆಹೊಲ, ಕೆಬ್ಬೆಹೊಲ ಎಂದು ಕಂಡರೆ ಹಿರಿಯರನ್ನು ಕೇಳಿ: ಅದು ಯಾವ ಹೊಲ, ಯಾವ ಮಳೆಗೆ ಏನು ಬಿತ್ತುತ್ತಿದ್ದರು? ಕೇಳಿದ್ದನ್ನು ದಯವಿಟ್ಟು ಬರೆದಿಡಿ.