ಆಂಜಿಯೋಟೆನ್ಸಿನ್ನೂ ದೇಹದ ಮೇದೋಸಂಚಯವೂ

1898ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೀಗರ್‌ಸ್ಟೆಡ್ಟ್ ಮತ್ತು ಪೆರ್ ಬರ್ಗ್‌ಮನ್ ಎಂಬುವರು ಮೊಲದ ಮೂತ್ರಪಿಂಡದ ಸಾರವನ್ನು ಮತ್ತೊಂದು ಮೊಲದ ರಕ್ತಪ್ರವಾಹಕ್ಕೆ ಸೇರಿಸಿ, ರಕ್ತದ ಒತ್ತಡವೇರುವುದನ್ನು ಕಂಡು, ಅದರಲ್ಲಡಗಿದ ಸತ್ತ್ವಕ್ಕೆ ರೆನಿನ್ ಎಂದು ಹೆಸರಿಟ್ಟಂದಿನಿಂದ, ಈ ವಿಚಾರವು ಬಹುಕಾಲ ಹೃದಯ, ನಾಳ, ಮೂತ್ರಪಿಂಡಗಳ ಪರಿಧಿಯೊಳಗೇ ನಡೆದುಬಂದಿತು. ಯಕೃತ್ತಿನಲ್ಲಿ ಹುಟ್ಟುವ ಆಂಜಿಯೋಟೆನ್ಸಿನೋಜನ್ ಎಂಬ ಪ್ರೋಟೀನನ್ನು ರೆನಿನ್ ಛೇದಿಸಿ ಹತ್ತು ಅಮೈನೋ ಆಮ್ಲಗಳ ತುಣುಕೊಂದನ್ನು ಬಿಡಿಸುತ್ತದೆ. ಪರಿವರ್ತಕ ಕಿಣ್ವವು ಅದರಿಂದ ಎರಡನ್ನು ಕಳೆಯಲು, ಉಳಿಯುವುದೇ ಆಂಜಿಯೋಟೆನ್ಸಿನ್-2. ನಾಳಗಳನ್ನು ಸಂಕೋಚಗೊಳಿಸುವುದೂ, ಆಲ್ಡೋಸ್ಟೆರೋನನ್ನು ಪ್ರಚೋದಿಸಿ ದೇಹದಲ್ಲಿ ಲವಣವನ್ನು ಹಿಡಿದಿಡುವುದೂ ಇದರ ಪ್ರಸಿದ್ಧ ಕಾರ್ಯಗಳು.

ಆದರೆ ಕೊಬ್ಬಿನ ಊತಕವೂ ಆಂಜಿಯೋಟೆನ್ಸಿನೋಜನ್ನನ್ನು ಉತ್ಪಾದಿಸುತ್ತದೆಂದು ತಿಳಿದ ಮೇಲೆ, ಈ ಹಾರ್ಮೋನಿಗೂ ಮೈತೂಕಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಅನಿವಾರ್ಯವಾಯಿತು. 2001ರಲ್ಲಿ ಫ್ರಾನ್ಸಿನ ಸಂಶೋಧಕರು, ಕೊಬ್ಬಿನಲ್ಲಿ ಮಾತ್ರ ಈ ಪ್ರೋಟೀನು ಅಧಿಕವಾಗಿ ಉತ್ಪನ್ನವಾಗುವಂತೆ ಮಾಡಿದ ಇಲಿಗಳಲ್ಲಿ ಮೇದಸ್ಸೂ ರಕ್ತದೊತ್ತಡವೂ ಒಟ್ಟಿಗೇ ವೃದ್ಧಿಯಾದುದನ್ನು ವರದಿಮಾಡಿದರು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕಿಂತಲೂ ಗಮನಾರ್ಹವಾದುದು: ರೆನಿನ್ ವಂಶವಾಹಿಯನ್ನೇ ತೆಗೆದ ಇಲಿಗಳು, ಇತರ ಇಲಿಗಳಷ್ಟೇ ತಿಂದರೂ, ಕೊಬ್ಬಿನಿಂದ ಕೂಡಿದ ಆಹಾರದಿಂದಲೂ ಸ್ಥೂಲವಾಗಲಿಲ್ಲ, ಅವುಗಳ ಚಯಾಪಚಯದ ವೇಗ ಹೆಚ್ಚಿತ್ತು, ಮಲದಲ್ಲಿ ಹೋಗುವ ಕೊಬ್ಬಿನ ಅಂಶವೂ ಹೆಚ್ಚಿತ್ತು.

ಇಷ್ಟನ್ನೇ ನೋಡಿದರೆ ಆಂಜಿಯೋಟೆನ್ಸಿನ್ ಮೇದಸ್ಸನ್ನು ಕೂಡಿಡುವ ಹಾರ್ಮೋನೆಂದು ನಿರ್ಣಯಿಸಿಬಿಡಬಹುದು. ಆದರೆ 1996ರಲ್ಲಿಯೇ, ಇದೇ ಹಾರ್ಮೋನನ್ನು ಸತತವಾಗಿ ಪಡೆದ ಇಲಿಗಳು ಆಹಾರವನ್ನು ಕಡಿಮೆಮಾಡಿ ಕೃಶವಾದುವೆಂಬುದು ಸಿದ್ಧವಾಗಿತ್ತು. ಹೃದಯವೈಫಲ್ಯದ ರೋಗಿಗಳ ಮಾಂಸಕ್ಷಯದಲ್ಲಿಯೂ ಇದರ ಪಾತ್ರವನ್ನು ಶಂಕಿಸಲಾಗಿದೆ. ಈ ವಿರೋಧಕ್ಕೆ ಪರಿಹಾರವು ಹಾರ್ಮೋನಿನ ಪ್ರಮಾಣದಲ್ಲಿಯೂ, ಅದಕ್ಕಿಂತ ಮಿಗಿಲಾಗಿ ಅದು ವರ್ತಿಸುವ ಸ್ಥಾನದಲ್ಲಿಯೂ ಇದೆಯೆಂದು ನನ್ನ ಅಭಿಪ್ರಾಯ. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಮೆದುಳಿನಲ್ಲಿ ಮಾತ್ರ ಈ ವ್ಯವಸ್ಥೆಯನ್ನು ತೀವ್ರಗೊಳಿಸಿದಾಗ ಇಲಿಗಳ ವಿಶ್ರಾಂತ ಚಯಾಪಚಯವು ಏರಿ ಅವು ತೆಳ್ಳಗಾದುವು. ರಕ್ತದಲ್ಲಿ ಸಂಚರಿಸುವ ಹಾರ್ಮೋನಾದರೋ, ತನ್ನ ಎರಡು ಮುಖ್ಯ ಬಗೆಯ ಗ್ರಾಹಕಗಳಲ್ಲಿ ಕೊಬ್ಬಿನಲ್ಲಿರುವ ಎರಡನೆಯ ಬಗೆಯದರ ಮೂಲಕ ಅದೇ ಚಯಾಪಚಯವನ್ನು ಕುಗ್ಗಿಸುತ್ತದೆಂದು ಅವರ ಮುಂದಿನ ಪರೀಕ್ಷೆಗಳು ತೋರಿದುವು. ಒಂದೇ ದ್ರವ್ಯವು ಶಿರಸ್ಸಿನಲ್ಲಿ ವ್ಯಯವನ್ನು ವಿಧಿಸಿ ಮೇದಸ್ಸಿನಲ್ಲಿ ಸಂಗ್ರಹವನ್ನು ವಿಧಿಸುವ ಈ ವ್ಯವಸ್ಥೆಯನ್ನು ಮನಗಾಣದೆ ತೂಕದ ಏರಿಳಿತವನ್ನು ಮಾತ್ರ ಅಳೆಯುವ ಪ್ರಯೋಗಗಳು ನಮ್ಮನ್ನು ದಾರಿತಪ್ಪಿಸದೆ ಇರವು.

ಈ ವ್ಯವಸ್ಥೆಯನ್ನು ತಡೆಯುವ ರಕ್ತದೊತ್ತಡದ ಔಷಧಗಳು, ಸ್ಥೂಲತೆಯೊಡನೆ ಬೆಸೆದುಕೊಂಡಿರುವ ಮಧುಮೇಹದ ಮೇಲೆ ಬೀರುವ ಪರಿಣಾಮವನ್ನು ನೋಡಿದರೆ, ಚಿಕಿತ್ಸಾಕ್ಷೇತ್ರದ ಅನುಭವವೂ ಇಷ್ಟೇ ಜಟಿಲವಾದುದು. 2006ರಲ್ಲಿ ಪ್ರಕಟವಾದ ಡ್ರೀಮ್ ಅಧ್ಯಯನದಲ್ಲಿ ರಾಮಿಪ್ರಿಲ್ ಮಧುಮೇಹದ ಆರಂಭವನ್ನು ಗಣನೀಯವಾಗಿ ತಡೆಯಲಿಲ್ಲ. 2010ರ ನ್ಯಾವಿಗೇಟರ್ ಅಧ್ಯಯನದಲ್ಲಿ ವಾಲ್ಸಾರ್ಟಾನ್ ಅದನ್ನು ಶೇಕಡಾ 14ರಷ್ಟು ತಗ್ಗಿಸಿತು. ರಾಮಿಪ್ರಿಲ್ ಹಾರ್ಮೋನಿನ ಉತ್ಪತ್ತಿಯನ್ನೇ ತಗ್ಗಿಸುವ ಔಷಧ. ವಾಲ್ಸಾರ್ಟಾನ್ ಮೊದಲನೆಯ ಬಗೆಯ ಗ್ರಾಹಕವನ್ನು ಮಾತ್ರ ಮುಚ್ಚುವುದರಿಂದ, ರಕ್ತದಲ್ಲಿ ಉಳಿದ ಹಾರ್ಮೋನು ಎರಡನೆಯ ಗ್ರಾಹಕವನ್ನು ಸೇರಲು ಮುಕ್ತವಾಗಿರುತ್ತದೆ. ಆದುದರಿಂದ ಇವೆರಡನ್ನೂ ಒಂದೇ ವರ್ಗವೆಂದು ಕೂಡಿಸಿ ಲೆಕ್ಕಹಾಕುವ ಪದ್ಧತಿಯನ್ನು ಬಿಟ್ಟು, ಸ್ಥೂಲಕಾಯರಾದ ಅಧಿಕ ರಕ್ತದೊತ್ತಡದ ರೋಗಿಗಳಲ್ಲಿ ಪ್ರತಿಯೊಂದರ ಪರಿಣಾಮವನ್ನೂ ಬೇರೆಬೇರೆಯಾಗಿ, ತೂಕದೊಡನೆ ವಿಶ್ರಾಂತ ಚಯಾಪಚಯವನ್ನೂ ಅಳೆದು ಪರೀಕ್ಷಿಸತಕ್ಕದ್ದು.