ಬಳ್ಳಾರಿ ಸೀಮೆಯ ಐಗಳೂ ಫಲಾನುಸಾರ ಗ್ರಾಂಟೂ

ಉಪಾಧ್ಯಾಯನ ಕೆಲಸವನ್ನು ಅಳೆದು ತೂಗಿ, ತೂಕಕ್ಕೆ ತಕ್ಕಂತೆ ಹಣ ಕೊಡಬೇಕೆಂಬುದು ಇತ್ತೀಚಿನ ವಿಚಾರವೆಂದು ಭಾವಿಸುವವರುಂಟು. ಆದರೆ ತುಂಗಭದ್ರೆಯ ದಕ್ಷಿಣದ ಹೊಸಪೇಟೆ, ಹಂಪೆ, ಕಂಪ್ಲಿಗಳ ಪ್ರಾಂತವು ಈ ಏರ್ಪಾಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಳಪಟ್ಟಿತ್ತು. ಅದಕ್ಕೆ ಮೊದಲು ಇಲ್ಲಿಯ ಐಗಳ ವೃತ್ತಿಯು ಹೇಗಿತ್ತು, ಅನಂತರ ಏನಾಯಿತು ಎಂಬುದು ವಿಚಾರಾರ್ಹವಾಗಿದೆ.

ನಿಜಾಮನು 1800ರಲ್ಲಿ ಬಿಟ್ಟುಕೊಟ್ಟ ದತ್ತಮಂಡಲದೊಡನೆ ಈ ಸೀಮೆಯು ಕಂಪೆನಿಯ ಕೈಸೇರಿತು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಮದರಾಸು ಆಧಿಪತ್ಯದ ದೇಶೀಯ ಪಾಠಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ರ ಆಗಸ್ಟಿನಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿಸಿದನು. ಅದರಂತೆ 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಹೆಣ್ಣುಮಕ್ಕಳು ಅರುವತ್ತೇ ಮಂದಿ. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಅನಂತಪುರವು 1882ರಲ್ಲಿ ಬೇರೆಯಾಗುವವರೆಗೆ ಇದೇ ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆದರೆ ತೆಲುಗು ಶಾಲೆಗಳ ಸಂಖ್ಯೆಯು ಆಶ್ಚರ್ಯಕರವಲ್ಲ. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನವಾಗಿ 1949ರ ವರೆಗೆ ಪ್ರತ್ಯೇಕವಾಗಿತ್ತು. ಆದುದರಿಂದ ಈ ಅಂಕಿಗಳನ್ನಾಗಲಿ ಮುಂದೆ ಹೇಳುವ ಮದರಾಸಿನ ನಿಯಮಗಳನ್ನಾಗಲಿ ಅದಕ್ಕೆ ಅನ್ವಯಿಸಬಾರದು.

ಮಗುವಿಗೆ ಐದು ವರ್ಷವಾದಾಗ ಗಣಪತಿಯ ಪೂಜೆಮಾಡಿ, ಅಕ್ಕಿಯಲ್ಲಿ ಅಕ್ಷರ ತಿದ್ದಿಸಿ ಶಾಲೆಗೆ ಸೇರಿಸುತ್ತಿದ್ದರೆಂದು ಕ್ಯಾಂಪ್‌ಬೆಲ್ಲನು ಬರೆದಿರುವನು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಬರೆಯುವುದು ವಾಡಿಕೆ. ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಅನಂತರ ಇದ್ದಿಲು ಬಳಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮುಂದುವರಿದವರು ಹಿಂದಿನವರಿಗೆ ಕಲಿಸುವ ಕ್ರಮವನ್ನು ಅವನು ಬಹಳವಾಗಿ ಮೆಚ್ಚಿದನು. ಮದರಾಸಿನ ಎಗ್ಮೋರಿನಲ್ಲಿ ಇಂತಹ ಕ್ರಮವನ್ನು ಬಳಸಿ ಇಂಗ್ಲೆಂಡಿಗೆ ಒಯ್ದವನು ಆಂಡ್ರೂ ಬೆಲ್. ಓದುವ ಗ್ರಂಥಗಳ ಪಟ್ಟಿಯಲ್ಲಿ ರಾಮಾಯಣ ಭಾರತಗಳೊಡನೆ ರಾಘವಾಂಕನ ಕಾವ್ಯವೂ ಗಿರಿಜಾಕಲ್ಯಾಣವೂ ಶಬ್ದಮಣಿದರ್ಪಣವೂ ಇವೆ. ಹರಿಹರ ರಾಘವಾಂಕರು ಹಂಪೆಯವರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಈ ಐಗಳಿಗೆ ಸರಕಾರದ ಸಂಬಳವಿರಲಿಲ್ಲ; ಮಕ್ಕಳ ತಂದೆಗಳು ತಮ್ಮ ಶಕ್ತ್ಯನುಸಾರ ಕೊಟ್ಟುದೇ ಜೀವನೋಪಾಯ. ಆದುದರಿಂದ ಹಳೆಯ ವ್ಯವಸ್ಥೆಯು ಹಣದ ಸೋಂಕಿಲ್ಲದ ಗುರುಕುಲವಾಗಿತ್ತೆಂದು ಹೊಗಳುವುದು ಸರಿಯಲ್ಲ. ಅದೂ ಒಂದು ಕೊಡುಕೊಳ್ಳುವ ವ್ಯವಹಾರವೇ. ದೋಷಗಳೂ ಇದ್ದವು: ಮಕ್ಕಳು ಅರ್ಥವರಿಯದೆ ಪದ್ಯಗಳನ್ನು ಉರುಹಚ್ಚುತ್ತಿದ್ದರು, ಅರ್ಥ ಹೇಳಬಲ್ಲ ಉಪಾಧ್ಯಾಯರು ವಿರಳ ಎಂಬುದು ಕ್ಯಾಂಪ್‌ಬೆಲ್ಲನ ಆಕ್ಷೇಪಣೆ. ಆದರೆ ಏನನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬ ನಿರ್ಣಯವು ಐಗಳದೂ ಊರಿನದೂ ಆಗಿತ್ತು. ಜನರ ಬಡತನದಿಂದ ಶಾಲೆಗಳು ಮುಚ್ಚುತ್ತಿವೆಯೆಂದೂ, ವಿಲಾಯತಿಯ ಬಟ್ಟೆಯಿಂದ ಇಲ್ಲಿಯ ಕೈಗಾರಿಕೆ ಕುಗ್ಗಿದುದು ಅದಕ್ಕೊಂದು ಕಾರಣವೆಂದೂ ಆ ಅಧಿಕಾರಿಯೇ ಒಪ್ಪಿರುವನು.

1854ರ ವುಡ್ಡನ ಆದೇಶಪತ್ರದಿಂದ ಖಾಸಗಿ ಶಾಲೆಗಳಿಗೆ ಸಹಾಯದ್ರವ್ಯ ಕೊಡುವ ನೀತಿಯು ಬಂದಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬವನು 1862ರ ಪರಿಷ್ಕೃತ ನಿಯಮಾವಳಿಯನ್ನು ಜಾರಿಗೆ ತಂದನು. ಅದರಂತೆ ಹಾಜರಿಗಾಗಿ ನಾಲ್ಕು ಷಿಲ್ಲಿಂಗು. ಓದು, ಬರೆಹ, ಲೆಕ್ಕಗಳ ಪರೀಕ್ಷೆಗಾಗಿ ಎಂಟು. ಒಂದು ವಿಷಯದಲ್ಲಿ ಮಗು ಸೋತರೆ ಎರಡು ಷಿಲ್ಲಿಂಗು ಎಂಟು ಪೆನ್ಸು ಕಡಿತ. ಹಿಂದೆ ಸರಕಾರದಿಂದ ನೇರವಾಗಿ ಸಹಾಯ ಪಡೆಯುತ್ತಿದ್ದ ಅಲ್ಲಿಯ ಉಪಾಧ್ಯಾಯನು ಇನ್ನುಮೇಲೆ ಸಂಬಳಕ್ಕಾಗಿ ಶಾಲೆಯ ವ್ಯವಸ್ಥಾಪಕರೊಡನೆ ಚೌಕಾಸಿ ಮಾಡಬೇಕಾಯಿತು. ಸ್ವತಃ ಶಾಲಾ ತನಿಖೆಗಾರನಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡನು ಇದನ್ನು ಬಲವಾಗಿ ಖಂಡಿಸಿದನು. ಆದರೂ 1868ರಲ್ಲಿ ಇದೇ ತತ್ತ್ವವು ಮದರಾಸಿಗೆ ಬಂದು ಹಳ್ಳಿಯ ಜಗಲಿ ಶಾಲೆಗಳನ್ನೂ ಮುಟ್ಟಿತು. 1882ರ ಹಂಟರ್ ಆಯೋಗವೂ ದೇಶೀಯ ಶಾಲೆಗಳಿಗೆ ಈ ಪದ್ಧತಿಯನ್ನು ಅನುಮೋದಿಸಿತು.

ಇದರಿಂದ ಲಾಭವೇ ಇರಲಿಲ್ಲವೆನ್ನಲಾಗದು. ಹಿಂದೆ ಸರಕಾರದ ಕಣ್ಣಿಗೇ ಬೀಳದಿದ್ದ ಐಗಳಿಗೆ ಸಹಾಯದ್ರವ್ಯದ ಬಾಗಿಲು ತೆರೆಯಿತು. ಅರ್ಥವಿಲ್ಲದ ಉರುಪಾಠವನ್ನು ತಡೆಯುವುದೂ ನ್ಯಾಯವಾದ ಉದ್ದೇಶವೇ. ಆದರೆ ವೃತ್ತಿಯ ಸ್ವರೂಪವು ಬದಲಾಯಿತು. ಕೊಳ್ಳುವವನು ಈಗ ತಂದೆಯೊಬ್ಬನೇ ಅಲ್ಲ, ಇಲಾಖೆಯೂ ಹೌದು. ಇಲಾಖೆಯ ತಕ್ಕಡಿಯೆಂದರೆ ತನಿಖೆಗಾರನ ಪರೀಕ್ಷೆ. ತಕ್ಕಡಿಯಲ್ಲಿ ತೂಗುವುದನ್ನೇ ಕಲಿಸುವುದು ಐಗಳಿಗೆ ಅನಿವಾರ್ಯವಾಯಿತು. ಹೇಗೂ ತೇರ್ಗಡೆಯಾಗುವ ಜಾಣನಿಗಾಗಿ ಹೆಚ್ಚು ಶ್ರಮಿಸಿದರೆ ಹೆಚ್ಚು ಹಣವಿಲ್ಲ. ಹೇಗೂ ಸೋಲುವ ಮಂದಮತಿಗಾಗಿ ಶ್ರಮಿಸಿದರೆ ಏನೂ ಇಲ್ಲ. ವಿಚಿತ್ರವೆಂದರೆ, ಉರುಪಾಠದ ದೋಷವನ್ನು ಕಳೆಯಬೇಕಾದ ಪರೀಕ್ಷೆಯೇ ಗೊತ್ತುಮಾಡಿದ ವಾಚಕವನ್ನು ಉರುಹಚ್ಚಿಸಲು ಪ್ರೇರಣೆಯಾಯಿತು.

ಇನ್ನೊಂದು ಸಂಗತಿಯಿದೆ. ಪರೀಕ್ಷೆಯ ಫಲವು ಉಪಾಧ್ಯಾಯನ ಶ್ರಮದಿಂದಲೇ ಹುಟ್ಟುವುದೆಂಬುದು ಈ ಪದ್ಧತಿಯ ಮೂಲಭಾವನೆ. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿಯು ಅತ್ಯಂತ ನೊಂದ ಜಿಲ್ಲೆಗಳಲ್ಲೊಂದು. ಹೊಟ್ಟೆಗಿಲ್ಲದ ಮಗು ಶಾಲೆಗೆ ಬಾರದು, ಪರೀಕ್ಷೆಗೆ ನಿಲ್ಲದು. ತಂದೆಯ ಕಾಣಿಕೆ ನಿಂತ ವರ್ಷವೇ ಇಲಾಖೆಯ ಗ್ರಾಂಟೂ ನಿಲ್ಲುವಂತಹ ನಿಯಮವು ಐಗಳಿಗೆ ಆಸರೆಯಾಗಲಾರದು. ಮಳೆಯ ತಪ್ಪನ್ನು ಅದು ಉಪಾಧ್ಯಾಯನ ಲೆಕ್ಕಕ್ಕೆ ಬರೆಯುತ್ತದೆ.

ಇಂಗ್ಲೆಂಡಿನಲ್ಲಿ ಈ ಪದ್ಧತಿಯು 1890ರ ದಶಕದಲ್ಲಿ ಕೊನೆಗಂಡಿತು. ಭಾರತ ಸರಕಾರವೂ 1904ರ ವಿದ್ಯಾಭ್ಯಾಸ ನಿರ್ಣಯದಲ್ಲಿ ಇದನ್ನು ನಿರಾಕರಿಸಿತು. ಬಳ್ಳಾರಿಯು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಆದರೆ ಹಳೆಯ ವಿಚಾರವು ಪೂರ್ಣವಾಗಿ ಅಳಿಯಲಿಲ್ಲ. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ರಾಜ್ಯ ಸರಕಾರದೊಡನೆ ಈಶಾನ್ಯ ಕರ್ನಾಟಕದಲ್ಲಿ ಆರಂಭಿಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿಯೂ ಮಕ್ಕಳ ಪರೀಕ್ಷಾಫಲವನ್ನು ನೋಡಿ ಶಾಲೆಗಳಿಗೆ ಬಹುಮಾನ ಕೊಡಲಾಯಿತು. ಭೇದವನ್ನೂ ಹೇಳಬೇಕು: ಅಲ್ಲಿ ಸೇರುವುದು ಶಾಲೆಯ ಇಚ್ಛೆಗೆ ಬಿಟ್ಟುದು, ಉಪಾಧ್ಯಾಯನ ಸಂಬಳವನ್ನು ಅದು ಮುಟ್ಟಲಿಲ್ಲ. 1868ರ ಐಗಳಿಗೆ ಈ ರಕ್ಷಣೆ ಇರಲಿಲ್ಲ.

ಆದುದರಿಂದ ಫಲವನ್ನು ಪರೀಕ್ಷಿಸುವುದು ಒಂದು, ಆ ಫಲದ ಮೇಲೆ ಉಪಾಧ್ಯಾಯನ ಅನ್ನವನ್ನು ನಿಲ್ಲಿಸುವುದು ಮತ್ತೊಂದು. ಮೊದಲನೆಯದರ ಅಗತ್ಯವನ್ನು ಕ್ಯಾಂಪ್‌ಬೆಲ್ಲನ ಆಕ್ಷೇಪಣೆಗಳೇ ತೋರಿಸುತ್ತವೆ. ಎರಡನೆಯದರಿಂದ ನಷ್ಟವಾದುದೇನೆಂಬುದನ್ನು ಅವನು ಕೊಟ್ಟ ಗ್ರಂಥಗಳ ಪಟ್ಟಿಯಿಂದ ಅರಿಯಬಹುದು. ಹಂಪೆಯ ಕವಿಗಳನ್ನು ಹಂಪೆಯ ಸೀಮೆಯ ಮಕ್ಕಳು, ಅರೆಬರೆಯಾಗಿಯಾದರೂ, ಊರ ಜಗಲಿಯ ಮೇಲೆ ಓದುತ್ತಿದ್ದರು. ಓದು, ಬರೆಹ, ಲೆಕ್ಕಗಳಿಗೆ ಬೆಲೆ ಕಟ್ಟಿದ ಗ್ರಾಂಟು, ಆ ಕಾವ್ಯಗಳಿಗೆ ಅರ್ಥ ಹೇಳಬಲ್ಲ ಉಪಾಧ್ಯಾಯರನ್ನು ಸಿದ್ಧಪಡಿಸುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.